ತಳವಿಲ್ಲದ ಸೇರು

ಅಳತೆ ಎಂಬುದು ಮನುಷ್ಯನು ಬಹಳ ಹಿಂದೆಯೇ ಕಲಿತ ವಿದ್ಯೆ. ನಮ್ಮ ಈ ಗಡಿನಾಡಿನ ಹಿರಿಯರು ಅಕ್ಕಿಯನ್ನು ಸೇರಿನಲ್ಲಿ ಅಳೆಯುತ್ತಿದ್ದರು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಗಳು ಅಟ್ಟದಲ್ಲಿ ಎಷ್ಟಿವೆ ಎಂದು ನೋಡಿಬಿಟ್ಟರೆ, ಆಟಿ ತಿಂಗಳು ದಾಟೀತೋ ಇಲ್ಲವೋ ಎಂಬುದು ಮನೆಯ ಹೆಂಗಸರಿಗೆ ಗೊತ್ತಾಗುತ್ತಿತ್ತು. ಸೇರಿಗೆ ಒಂದು ಬಾಯಿ, ಒಂದು ತಳ. ತುಂಬಿದ ಮೇಲೆ ಸುರಿದದ್ದು ಚೆಲ್ಲಿಹೋಗುತ್ತದೆ. ಆದಕಾರಣ ಅಳೆಯುವವರ ಕೈ ತಾನಾಗಿಯೇ ನಿಲ್ಲುತ್ತಿತ್ತು.

ಇಂದು ನಮ್ಮ ಮಕ್ಕಳನ್ನೂ ನಮ್ಮ ಬದುಕನ್ನೂ ಅಳೆಯುತ್ತಿರುವ ಸೇರಿಗೆ ಬಾಯಿಯೂ ಕಾಣದು, ತಳವೂ ಕಾಣದು.

ಮೊದಲು ಶಾಲೆಯ ವಿಚಾರವನ್ನೇ ನೋಡೋಣ. ನಮಗೆ ತಿಳಿದ ಕ್ಷೇತ್ರ ಅದೊಂದೇ. ನಾವು ಹತ್ತನೆಯ ತರಗತಿ ಬರೆದ ಕಾಲದಲ್ಲಿ ಕೇರಳದ ಎಸ್.ಎಸ್.ಎಲ್.ಸಿ.ಗೆ ಒಟ್ಟು 600 ಅಂಕ. ಅದರಲ್ಲಿ 210 ಬಂದರೆ ಪಾಸು. ಆ 210 ಎಂಬುದು ಊರಿಗೆ ಊರೇ ಬಲ್ಲ ಸಂಖ್ಯೆಯಾಗಿತ್ತು. 211 ಬಂದ ಹುಡುಗನ ಮನೆಯಲ್ಲೂ ಅಂದು ಪಾಯಸ. 360 ದಾಟಿದರೆ ಪ್ರಥಮ ದರ್ಜೆ. ಅಂಥವನನ್ನು ದಾರಿಯಲ್ಲಿ ಕಂಡವರು ನಿಲ್ಲಿಸಿ ಮಾತಾಡಿಸುತ್ತಿದ್ದರು. ರ‍್ಯಾಂಕ್ ಪಡೆದವರ ಭಾವಚಿತ್ರ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಅವರು ಬೇರೆ ಲೋಕದವರು, ನಮಗೂ ಅವರಿಗೂ ಸಂಬಂಧವಿಲ್ಲ ಎಂದುಕೊಂಡು ಉಳಿದವರು ನೆಮ್ಮದಿಯಾಗಿ ಊಟ ಮಾಡುತ್ತಿದ್ದರು. ಆ ಕಾಲ ಚಿನ್ನದ ಕಾಲವೆಂದು ನಾವು ಹೇಳುತ್ತಿಲ್ಲ. 209 ಬಂದವನ ಕಣ್ಣೀರನ್ನೂ, ಮೂರು ಸಲ ಕುಳಿತು ಕೊನೆಗೆ ಬೊಂಬಾಯಿಯ ಹೋಟೆಲು ಸೇರಿದವರನ್ನೂ ಕಂಡವರು ನಾವು.

ರ‍್ಯಾಂಕಿನ ಹಿಂದೆ ಬಿದ್ದ ಹುಚ್ಚನ್ನು ಇಳಿಸಬೇಕೆಂದೇ 2005ರಲ್ಲಿ ಎಸ್.ಎಸ್.ಎಲ್.ಸಿ.ಗೆ ಗ್ರೇಡು ಪದ್ಧತಿ ಬಂತು. 90ರಿಂದ 100ರ ವರೆಗೆ ಎ ಪ್ಲಸ್, 80ರ ಮೇಲೆ ಎ, ಹೀಗೆ ಒಂಬತ್ತು ಮೆಟ್ಟಿಲು. ಒಂದೊಂದು ಅಂಕಕ್ಕಾಗಿ ಮಕ್ಕಳು ಬಡಿದಾಡಬಾರದು, 91 ಬಂದವನೂ 99 ಬಂದವನೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳಲಿ ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿತ್ತು. ಶಾಲಾ ಕಲೋತ್ಸವದಲ್ಲೂ ಕಲಾತಿಲಕ, ಕಲಾಪ್ರತಿಭಾ ಎಂಬ ಬಿರುದುಗಳನ್ನು 2006ರ ಹೊತ್ತಿಗೆ ಕೈಬಿಡಲಾಯಿತು. ಏಣಿಯನ್ನು ತೆಗೆದರೆ ಹತ್ತುವ ಚಟ ಬಿಟ್ಟೀತು ಎಂಬುದು ಲೆಕ್ಕಾಚಾರ.

ಬಿಟ್ಟಿತೇ? ಹತ್ತು ವಿಷಯಗಳಿಗೂ ಎ ಪ್ಲಸ್ ಬರುವುದಕ್ಕೆ ‘ಫುಲ್ ಎ ಪ್ಲಸ್’ ಎಂಬ ಹೊಸ ಹೆಸರು ಹುಟ್ಟಿತು. ಹೆಸರಿನ ಬೆನ್ನಿಗೆ ಫಲಕ ಬಂತು. ಮೇ ತಿಂಗಳಲ್ಲಿ ಫಲಿತಾಂಶ ಹೊರಬಿದ್ದ ಮರುದಿನವೇ ಬಸ್ ತಂಗುದಾಣ, ಪೇಟೆಯ ಕೂಡುರಸ್ತೆ, ಶಾಲೆಯ ಗೇಟು, ಎಲ್ಲೆಲ್ಲೂ ಮಕ್ಕಳ ಮುಖಗಳ ದೊಡ್ಡ ದೊಡ್ಡ ಹಾಳೆಗಳು. ಶಾಲೆಯದೊಂದು, ಕ್ಲಬ್ಬಿನದೊಂದು, ಪಕ್ಷದವರದೊಂದು, ಟ್ಯೂಷನ್ ಸೆಂಟರಿನದೊಂದು. ಒಂದೇ ಮಗುವಿನ ಮೇಲೆ ನಾಲ್ಕು ಕಡೆಯವರು ಹಕ್ಕು ಸ್ಥಾಪಿಸುವುದನ್ನು ನೋಡಿದರೆ ನಗುವೂ ಬರುತ್ತದೆ.

ಈಗ ಕೆಲವು ಸಂಖ್ಯೆಗಳನ್ನು ಓದುಗರ ಮುಂದಿಡುತ್ತೇವೆ. 2020ರಲ್ಲಿ ರಾಜ್ಯದಲ್ಲಿ ಫುಲ್ ಎ ಪ್ಲಸ್ ಪಡೆದವರು 41,906 ಮಕ್ಕಳು. 2021ರಲ್ಲಿ 1,21,318. ಅದರ ಮರುವರ್ಷ 44,363. ಪರೀಕ್ಷೆಗೆ ಕುಳಿತವರು ಮೂರೂ ವರ್ಷ ನಾಲ್ಕು ಲಕ್ಷಕ್ಕೆ ಮೇಲ್ಪಟ್ಟೇ. ಹಾಗಾದರೆ ನಮ್ಮ ನಾಡಿನ ಮಕ್ಕಳ ಬುದ್ಧಿ ಒಂದು ವರ್ಷ ಸುಮಾರು ಮೂರು ಪಟ್ಟಾಗಿ, ಮರುವರ್ಷ ಮತ್ತೆ ಇಳಿದುಹೋಯಿತೇ? ನಡೆದದ್ದು ಇಷ್ಟೇ. ಕೋವಿಡ್ ಕಾಲದಲ್ಲಿ ಮುಖ್ಯ ಪಾಠಭಾಗಗಳನ್ನು ಮೊದಲೇ ಗುರುತಿಸಿಕೊಟ್ಟು, ಪ್ರಶ್ನೆಪತ್ರಿಕೆಯಲ್ಲಿ ಆಯ್ಕೆಗಳನ್ನು ಧಾರಾಳವಾಗಿ ಬಿಟ್ಟಿದ್ದರು. ಮರುವರ್ಷ ಆ ಧಾರಾಳವನ್ನು ಕಡಿಮೆ ಮಾಡಿದರು. ಗಡಿಯ ಆಚೆಯ ಕಥೆಯೂ ಬೇರೆಯಲ್ಲ. ಕರ್ನಾಟಕದ ಎಸ್.ಎಸ್.ಎಲ್.ಸಿ.ಯಲ್ಲಿ 2022ರಲ್ಲಿ 145 ಮಕ್ಕಳಿಗೆ 625ಕ್ಕೆ 625 ಬಂತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಕಣ್ಣಿಟ್ಟ ವರ್ಷ, ಇಡೀ ರಾಜ್ಯಕ್ಕೆ ಒಬ್ಬಳಿಗೆ ಮಾತ್ರ. 2025ರಲ್ಲಿ 22 ಮಂದಿಗೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ 2024ರಲ್ಲಿ ಮೊದಲು 67 ಮಂದಿಗೆ 720ಕ್ಕೆ 720 ಎಂದರು. ಗದ್ದಲ ಸುಪ್ರೀಂ ಕೋರ್ಟಿನ ವರೆಗೆ ಹೋಗಿ, ಕೊನೆಗೆ ಅವರ ಸಂಖ್ಯೆ 17ಕ್ಕೆ ಇಳಿಯಿತು. 2025ರಲ್ಲಿ ಪ್ರಶ್ನೆಪತ್ರಿಕೆ ಬಿಗಿಯಾದಾಗ ದೇಶಕ್ಕೇ ಪ್ರಥಮ ಬಂದವನ ಅಂಕ 686.

ಸಂಖ್ಯೆ ಹೇಳುತ್ತಿರುವುದು ಪ್ರಶ್ನೆಪತ್ರಿಕೆಯ ವಿಚಾರವನ್ನು. ನಾವು ಓದಿಕೊಳ್ಳುತ್ತಿರುವುದು ಮಗುವಿನ ವಿಚಾರವೆಂದು. ಟಿ.ಸಿ.ಎಚ್. ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಒಂದೆಂದರೆ, ಪರೀಕ್ಷೆ ಮಗುವಿಗೆ ಏನು ಬಂದಿಲ್ಲ ಎಂಬುದನ್ನು ಗುರುವಿಗೆ ತಿಳಿಸುವ ಸಾಧನ ಎಂಬುದು. ಜ್ವರದ ಕೊಳವೆಯ ಹಾಗೆ. ಜ್ವರ ಇಳಿಯಿತೋ ಇಲ್ಲವೋ ಎಂದು ನೋಡಲಿಕ್ಕಿರುವ ಕೊಳವೆಯನ್ನು ಬಿಸಿನೀರಿನಲ್ಲಿ ಅದ್ದಿ, ಪಾದರಸ ಮೇಲೇರಿತೆಂದು ಸಿಹಿ ಹಂಚುವವರು ನಾವಾಗಿಬಿಟ್ಟಿದ್ದೇವೆ.

ಈ ಮೇಲಾಟದ ಹೊಡೆತ ಬೀಳುವುದು ಸೋತ ಮಕ್ಕಳ ಮೇಲೆ ಮಾತ್ರ ಎಂದು ತಿಳಿಯಬಾರದು. ಶೇಕಡಾ 99ಕ್ಕಿಂತ ಹೆಚ್ಚು ಮಕ್ಕಳು ಪಾಸಾಗುವ ರಾಜ್ಯದಲ್ಲಿ ಸೋಲು ಅಪರೂಪ. 2025ರಲ್ಲೂ ಶೇಕಡಾ 99.5 ಪಾಸು. ಹೊಡೆತ ಬೀಳುವುದು ಒಂಬತ್ತು ಎ ಪ್ಲಸ್ ಬಂದ ಮಗುವಿನ ಮೇಲೆ. ಒಂಬತ್ತು ಬಂದವರ ಮುಖ ಫಲಕದಲ್ಲಿಲ್ಲ. ಒಂದು ವರ್ಷ ನಮ್ಮ ತರಗತಿಯ ಹುಡುಗಿಯೊಬ್ಬಳಿಗೆ ಹಾಗಾಯಿತು. ಗಣಿತಕ್ಕೆ ಎ, ಉಳಿದ ಒಂಬತ್ತಕ್ಕೂ ಎ ಪ್ಲಸ್. ಅವಳ ತಂದೆ ಶಾಲೆಗೆ ಬಂದು, “ಮಾಸ್ಟ್ರೇ, ಆ ಒಂದು ಎಲ್ಲಿಗೆ ಹೋಯಿತು?” ಎಂದು ಕೇಳಿದರು. ಒಳ್ಳೆಯ ಮನುಷ್ಯ, ಮಗಳ ಮೇಲೆ ಜೀವ. ಆದರೂ ಕಳೆದುಹೋದ ದನವನ್ನು ಹುಡುಕಿಕೊಂಡು ಬಂದವರ ಹಾಗಿತ್ತು ಅವರ ಮುಖ. ಹುಡುಗಿ ಅಪ್ಪನ ಹಿಂದೆ ನಿಂತು ಗೋಡೆ ನೋಡುತ್ತಿದ್ದಳು. ಅವಳು ತರಗತಿಯಲ್ಲಿ ಬರೆದ ಪ್ರಬಂಧಗಳನ್ನು ನಾವು ಮನೆಗೆ ಒಯ್ದು ಮತ್ತೊಮ್ಮೆ ಓದಿದ್ದುಂಟು. ಅದನ್ನು ಆ ಹೊತ್ತಿನಲ್ಲಿ ಹೇಳಿದರೆ ಸಮಾಧಾನದ ಮಾತಿನ ಹಾಗೆ ಕೇಳಿಸುತ್ತಿತ್ತು.

ಇನ್ನು ಹೆಚ್ಚು ಕಠಿಣವಾದ ಸಂಖ್ಯೆಯೊಂದಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಜೀವ ಕಳೆದುಕೊಂಡ ವಿದ್ಯಾರ್ಥಿಗಳು 13,044. ಎಲ್ಲವೂ ಪರೀಕ್ಷೆಯ ಕಾರಣಕ್ಕಲ್ಲ. ಹಾಗೆಂದು ಹೇಳುವುದು ತಪ್ಪಾದೀತು. ಆದರೆ ಕೋಟದಂಥ ಕೋಚಿಂಗ್ ಪಟ್ಟಣಗಳ ಹಾಸ್ಟೆಲುಗಳಲ್ಲಿ ಫ್ಯಾನುಗಳಿಗೆ ಸ್ಪ್ರಿಂಗು ಅಳವಡಿಸುವ ಗತಿ ಬಂದಿರುವಾಗ, ಪರೀಕ್ಷೆಗೂ ಇದಕ್ಕೂ ಸಂಬಂಧವೇ ಇಲ್ಲವೆಂದು ಯಾರೂ ಹೇಳಲಾರರು. ಗಂಡಾಂತರಕ್ಕೆ ಹೀಗೊಂದು ಯಂತ್ರವನ್ನು ಕಂಡುಹಿಡಿದೆವೇ ಹೊರತು, ಗಂಡಾಂತರವನ್ನು ಮುಟ್ಟಲು ಹೋಗಲಿಲ್ಲ.

ಅಲ್ಪಸಂಖ್ಯಾತರಾದ ನಮ್ಮ ಮನೆಗಳಲ್ಲಿ ಈ ಚಿಂತೆಗೆ ಇನ್ನೊಂದು ಮಡಿಕೆಯುಂಟು. ಕನ್ನಡ ಮಾಧ್ಯಮದಿಂದ ಮಗುವನ್ನು ಬಿಡಿಸಿ ಇಂಗ್ಲಿಷಿಗೆ ಹಾಕುವ ತಂದೆತಾಯಿಯರು ಹೇಳುವ ಕಾರಣ ಭಾಷಾದ್ವೇಷವಲ್ಲ. “ಸ್ಕೋರ್ ಆಗಬೇಕಲ್ಲ ಮಾಸ್ಟ್ರೇ” ಎಂದಷ್ಟೇ. ಕನ್ನಡವನ್ನು ಉಳಿಸಿಕೊಂಡವರಲ್ಲೂ ಕೆಲವರು, ಅದು ಮನೆಮಾತು, ಸುಲಭವಾಗಿ ಸ್ಕೋರ್ ಆಗುವ ವಿಷಯ ಎಂಬ ಕಾರಣಕ್ಕೆ ಉಳಿಸಿಕೊಂಡವರು. ಈ ಎರಡನೆಯ ಮಾತು ನಮಗೆ ಮೊದಲನೆಯದಕ್ಕಿಂತ ಹೆಚ್ಚು ನೋವು ಕೊಟ್ಟಿದೆ. 1956ರ ನವೆಂಬರ್ ಒಂದರಿಂದ ಈಚೆಗೆ ಇಷ್ಟು ವರ್ಷ ಭಾಷೆಗಾಗಿ ಮೆರವಣಿಗೆ ಹೋದವರ ಮೊಮ್ಮಕ್ಕಳಿಗೆ ಆ ಭಾಷೆ ಅಂಕ ಕೊಡುವ ಹಸುವಾಗಿ ಉಳಿಯಿತೆಂದರೆ, ಹಾಲು ಬತ್ತಿದ ದಿನ ಅದನ್ನು ಹಟ್ಟಿಯಿಂದ ಹೊರಗೆ ಅಟ್ಟಲು ಎಷ್ಟು ಹೊತ್ತು? ಯಕ್ಷಗಾನದ ವಿಚಾರವೂ ಇದೇ. ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಸ್ಪರ್ಧೆಯಿದೆ, ಗೆದ್ದ ಮಕ್ಕಳಿಗೆ ಗ್ರೇಸ್ ಮಾರ್ಕು ಇದೆ. ಆರು ತಿಂಗಳು ಬೆವರು ಸುರಿಸಿ ಕುಣಿತ ಕಲಿತವರಲ್ಲಿ, ಅಂಕ ಕೈಗೆ ಬಂದ ಮೇಲೂ ಗೆಜ್ಜೆ ಕಟ್ಟುವವರು ಬೆರಳೆಣಿಕೆಯವರು. ಆ ಕೆಲವರಾದರೂ ಸಿಕ್ಕಿದರಲ್ಲ ಎಂದು ನಾವು ಖುಷಿಪಡಬೇಕು, ನಿಜ.

ಅಂಕದ ಹಿಂದೆ ಓಡುವುದೇಕೆ ಎಂದು ಕೇಳಿದರೆ ಎಲ್ಲರ ಉತ್ತರ ಒಂದೇ: ಮುಂದೆ ಒಳ್ಳೆಯ ಸಂಪಾದನೆ. ಸಂಪಾದನೆ ಬೇಡವೆಂದು ಉಪದೇಶ ಮಾಡುವ ಅಧಿಕಾರ ತಿಂಗಳ ಸಂಬಳ ಎಣಿಸುವ ನಮಗಿಲ್ಲ. ಬೀಡಿ ಸುತ್ತಿ ಮಗಳನ್ನು ನರ್ಸಿಂಗ್ ಓದಿಸಿದ ತಾಯಿಗೆ, ಆ ಮಗಳ ಮೊದಲ ಸಂಬಳದಲ್ಲಿ ಮನೆಗೆ ಹೆಂಚು ಹೊದಿಸಿದವಳಿಗೆ, ಹಣ ಪೊಳ್ಳೆಂದು ಹೇಳುವವನ ನಾಲಿಗೆ ಸುಡಬೇಕು. ನಮ್ಮ ಪ್ರಶ್ನೆ ಹೆಂಚಿನ ನಂತರದ್ದು.

ಅಡಕೆಯ ಧಾರಣೆಯನ್ನೇ ತೆಗೆದುಕೊಳ್ಳಿ. ನೂರರ ಒಳಗೆ ಬಿದ್ದು ಒದ್ದಾಡಿದ ವರ್ಷಗಳಲ್ಲಿ, ‘ಇನ್ನೂರು ಸಿಕ್ಕಿದರೆ ಸಾಕಪ್ಪ’ ಎಂದವರೆಷ್ಟು ಮಂದಿ! 2021ರಲ್ಲಿ ಹಳೆ ಅಡಕೆ ಕಿಲೋಗೆ 500 ರೂಪಾಯಿ ದಾಟಿತು. ಆ ವಾರ ತೋಟದವರ ಅಂಗಳದಲ್ಲಿ ನಾವು ಕೇಳಿದ ಮಾತು ‘ಸಾಕು’ ಎಂಬುದಲ್ಲ, ‘ಇನ್ನೂ ಏರೀತೇ?’ ಎಂಬುದು. ಗೋಣಿ ಕಟ್ಟಿಟ್ಟು ಕಾದು ಕುಳಿತವರಿಗೆ ನಿದ್ದೆ ಕಡಿಮೆಯಾಯಿತೇ ಹೊರತು ಹೆಚ್ಚಲಿಲ್ಲ. ಇದೇ ಅವಧಿಯಲ್ಲಿ ಗದ್ದೆಗಳ ಗತಿ ಏನಾಯಿತೆಂಬುದು ಬೇರೆ ಕಥೆ. 1974-75ರಲ್ಲಿ ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರು ಭತ್ತದ ಬೇಸಾಯವಿತ್ತು. ಈಗ ಉಳಿದಿರುವುದು ಎರಡು ಲಕ್ಷದ ಆಸುಪಾಸು. ಮುಡಿ ಕಟ್ಟಲು ಬಲ್ಲವರನ್ನು ಹುಡುಕಿಕೊಂಡು ಹೋಗಬೇಕಾಗಿದೆ, ಅದೂ ಯಾವುದಾದರೊಂದು ಪ್ರದರ್ಶನಕ್ಕೆ ಇಡಲು.

ಮನೆಗಳ ವಿಚಾರ ಇನ್ನೂ ವಿಚಿತ್ರ. 2011ರ ಜನಗಣತಿಯಲ್ಲಿ ಕೇರಳದ ಒಂದು ಕೋಟಿ ಹನ್ನೆರಡು ಲಕ್ಷ ಮನೆಗಳಲ್ಲಿ ಹತ್ತರಲ್ಲೊಂದಕ್ಕೆ ಬೀಗ. ಅದು ಗುಡಿಸಲುಗಳ ಲೆಕ್ಕವೆಂದು ಯಾರೂ ಭ್ರಮಿಸಬೇಕಾಗಿಲ್ಲ. ಹೊರನಾಡಿನಲ್ಲಿ ದುಡಿದವರು ಊರಿನಲ್ಲಿ ಕಟ್ಟಿಸಿದ ಮನೆಗಳೇ ಅದರಲ್ಲಿ ಬಹಳ. 2023ರಲ್ಲಿ ನಡೆದ ಕೇರಳದ ವಲಸೆ ಸಮೀಕ್ಷೆಯಂತೆ ವಿದೇಶಗಳಲ್ಲಿರುವವರು ಸುಮಾರು 22 ಲಕ್ಷ. ಅವರು ಆ ಒಂದು ವರ್ಷದಲ್ಲಿ ಕಳುಹಿಸಿದ ಹಣ ಎರಡು ಲಕ್ಷ ಕೋಟಿ ರೂಪಾಯಿ ಮೀರಿದೆ. ಹಿಂದಿನ ಸಮೀಕ್ಷೆ ನಡೆದ 2018ಕ್ಕೆ ಹೋಲಿಸಿದರೆ ಎರಡೂವರೆ ಪಟ್ಟು. ಓದಲೆಂದು ಹೋದ ವಿದ್ಯಾರ್ಥಿಗಳ ಸಂಖ್ಯೆಯೂ ಇದೇ ಅವಧಿಯಲ್ಲಿ ಸುಮಾರು ಇಮ್ಮಡಿಯಾಯಿತು. ನಮ್ಮ ಕನ್ನಡದ ಮನೆಗಳವರು ಹೆಚ್ಚಾಗಿ ಮಂಗಳೂರು, ಬೆಂಗಳೂರು, ಮುಂಬಯಿಗಳ ದಾರಿ ಹಿಡಿದವರು; ಈಗ ಅಲ್ಲಿಂದಲೂ ಮುಂದೆ. ಆರು ಕೋಣೆ, ಮೂರು ಬಚ್ಚಲು, ಚಪ್ಪಡಿ ಕಲ್ಲಿನ ಅಂಗಳ. ಒಳಗೆ ಎಪ್ಪತ್ತು ದಾಟಿದ ಇಬ್ಬರು, ಮಂಡಿನೋವಿನಿಂದ ಮಹಡಿ ಹತ್ತಲಾರದೆ ಕೆಳಗಿನ ಒಂದೇ ಕೋಣೆಯಲ್ಲಿ. ಇಂಥ ಮನೆಗೆ ಜನಗಣತಿಯವರು ‘ಖಾಲಿ’ ಎಂದು ಬರೆಯುವುದಿಲ್ಲ. ಮಕ್ಕಳ ಫುಲ್ ಎ ಪ್ಲಸ್ಸಿನ ಸ್ಮರಣಿಕೆಗಳು ಗಾಜಿನ ಕಪಾಟಿನಲ್ಲಿರುತ್ತವೆ. ಧೂಳು ಒರೆಸುವುದಕ್ಕೂ ಆಳು ಸಿಗುವುದಿಲ್ಲ ಎಂದು ಅಜ್ಜಿ ಹೇಳುತ್ತಾರೆ.

1974ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ ಎಂಬವರು ಒಂದು ವಿಚಿತ್ರವನ್ನು ಎತ್ತಿ ತೋರಿಸಿದರು. ಒಂದು ದೇಶದೊಳಗೆ, ಒಂದು ಕಾಲದಲ್ಲಿ, ಉಳ್ಳವರು ಇಲ್ಲದವರಿಗಿಂತ ತಾವು ಹೆಚ್ಚು ಸುಖಿಗಳೆನ್ನುತ್ತಾರೆ. ಆದರೆ ವರ್ಷಗಳುರುಳಿ ಇಡೀ ದೇಶದ ವರಮಾನ ಏರಿದಾಗ ಒಟ್ಟು ಸುಖ ಅದಕ್ಕೆ ತಕ್ಕಂತೆ ಏರುವುದಿಲ್ಲ. ಎರಡನೆಯ ಮಹಾಯುದ್ಧದ ನಂತರದ ಅಮೆರಿಕವೇ ಅವರ ಮುಖ್ಯ ಉದಾಹರಣೆ. ಇದನ್ನು ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ, ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಬಯಲಾಟ ನೋಡಿದವರಿಗೆ ಇದು ಅರ್ಥವಾಗಲು ದೊಡ್ಡ ಗ್ರಂಥ ಬೇಡ. ಮುಂದಿನ ಸಾಲಿನವನು ಚೆನ್ನಾಗಿ ಕಾಣಲೆಂದು ಎದ್ದು ನಿಂತ. ಅವನ ಹಿಂದಿನವನು ಅನಿವಾರ್ಯವಾಗಿ ಎದ್ದ. ಹತ್ತು ನಿಮಿಷದಲ್ಲಿ ಇಡೀ ಗದ್ದೆಯೇ ಎದ್ದು ನಿಂತಿತು. ಕಾಣುವುದು ಮೊದಲಿನಷ್ಟೇ, ಕಾಲುನೋವು ಮಾತ್ರ ಹೆಚ್ಚುವರಿ. ಆ ಹಂತದಲ್ಲಿ ಒಬ್ಬ ತಂದೆಗೆ ನಾವು ‘ಕುಳಿತುಕೊಳ್ಳಿ’ ಎಂದರೆ ಅವರು ಕೇಳುವುದೂ ನ್ಯಾಯವೇ: “ಕುಳಿತರೆ ನನ್ನ ಮಗನಿಗೆ ಆಟ ಕಾಣುತ್ತದೆಯೇ ಮಾಸ್ಟ್ರೇ?”

ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿಲ್ಲ. ಆದರೆ ಅಳೆಯುವವರಿಲ್ಲದೆಯೂ ಕಲಿಕೆ ನಡೆದದ್ದನ್ನು ಈ ಮಣ್ಣೇ ಕಂಡಿದೆ. ಕಣ್ಣೂರು, ಕಾಸರಗೋಡು ಭಾಗಗಳ ಬೀಡಿ ಶೆಡ್ಡುಗಳಲ್ಲಿ ಒಬ್ಬನು ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದ, ಉಳಿದವರು ಕೈ ನಿಲ್ಲಿಸದೆ ಕೇಳುತ್ತಿದ್ದರು. ಓದುವವನ ಪಾಲಿನ ಬೀಡಿಯನ್ನು ಉಳಿದವರು ಸುತ್ತಿ ತುಂಬಿಸಿಕೊಡುತ್ತಿದ್ದರು. ವಿಯೆಟ್ನಾಮಿನ ಯುದ್ಧವೂ ಬ್ಯಾಂಕ್ ರಾಷ್ಟ್ರೀಕರಣವೂ ಕಾದಂಬರಿಯ ಕಂತುಗಳೂ ಆ ಎಲೆ ತಂಬಾಕಿನ ಘಾಟಿನ ನಡುವೆಯೇ ಅವರ ಕಿವಿಗೆ ಬಿದ್ದವು. ಯಾರೂ ಅವರಿಗೆ ಗ್ರೇಡು ಕೊಡಲಿಲ್ಲ. ತಮ್ಮ ಕೂಲಿಯ ಒಂದು ಪಾಲು ಕೊಟ್ಟು ಕೇಳಿಸಿಕೊಂಡವರು ಅವರು. ಇಂದು ಕೋಚಿಂಗಿಗೆ ಲಕ್ಷ ಕೊಡುವವರಲ್ಲಿ ಕೇಳಿಸಿಕೊಳ್ಳುವ ಆಸೆಯಿಂದ ಕೊಡುವವರೆಷ್ಟು ಮಂದಿ ಎಂದು ನಮಗೆ ಅನುಮಾನ.

ಮಂಜೇಶ್ವರದ ಗೋವಿಂದ ಪೈಗಳ ಹೆಸರನ್ನು ಮಕ್ಕಳಿಗೆ ಪಾಠ ಮಾಡುವಾಗ ನಾವು ರಾಷ್ಟ್ರಕವಿ ಎಂದೇ ಆರಂಭಿಸುತ್ತೇವೆ. 1949ರಲ್ಲಿ ಆಗಿನ ಮದ್ರಾಸು ಸರಕಾರ ಕೊಟ್ಟ ಬಿರುದು ಅದು. ಮದ್ರಾಸಿನಲ್ಲಿ ಬಿ.ಎ. ಓದುತ್ತಿದ್ದವರು ತಂದೆಯವರ ಕಾರಣದಿಂದ ಅರ್ಧಕ್ಕೇ ಊರಿಗೆ ಮರಳಿದರು, ಪದವಿ ಅವರಿಗೆ ಬರಲೇ ಇಲ್ಲ ಎಂಬ ಮಾತನ್ನು ಸಾಮಾನ್ಯವಾಗಿ ಯಾರೂ ಒತ್ತಿ ಹೇಳುವುದಿಲ್ಲ. ಆಮೇಲೆ ಅವರು ಭಾಷೆಗಳ ಮೇಲೆ ಭಾಷೆಗಳನ್ನು ಕಲಿತದ್ದು, ಶಾಸನಗಳ ಕಾಲ ನಿರ್ಣಯಕ್ಕೆ ವರ್ಷಗಟ್ಟಲೆ ತಲೆ ಕೊಟ್ಟದ್ದು, ಸಾವಿರಾರು ಪುಸ್ತಕ ಕೂಡಿಸಿದ್ದು ಯಾವ ಪರೀಕ್ಷೆಗೂ ಅಲ್ಲ. ಅವರು 1963ರಲ್ಲಿ ತೀರಿಕೊಂಡರು. ಆ ಪುಸ್ತಕಗಳು ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಸೇರಿ, ಸಂಶೋಧನ ಕೇಂದ್ರವೊಂದಕ್ಕೆ ಬುನಾದಿಯಾದವು. ಈಚೆಗೆ ಒಂದು ತರಗತಿಯಲ್ಲಿ ಇದನ್ನೆಲ್ಲ ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಇದು ಪರೀಕ್ಷೆಗೆ ಬರುತ್ತದೆಯೇ?” ಎಂದು ಕೇಳಿದ. ಹುಡುಗ ಜಾಣ, ಪೋಕರಿಯಲ್ಲ. ನಾವು ಕಲಿಸಿದ್ದನ್ನೇ ಅವನು ಕೇಳಿದ.

ಹತ್ತನೆಯ ತರಗತಿ ದಾಟಿದ ಮಕ್ಕಳು ಮುಂದೆ ಪ್ಲಸ್ ವನ್ ಪ್ರವೇಶಕ್ಕೆ ಏಕಗವಾಕ್ಷಿಯ ಪಟ್ಟಿಯಲ್ಲಿ ನಿಲ್ಲಬೇಕು. ಸಾವಿರಾರು ಮಂದಿಗೆ ಒಂದೇ ರೀತಿ ಫುಲ್ ಎ ಪ್ಲಸ್ ಇರುವಾಗ ಯಾರು ಮುಂದೆ, ಯಾರು ಹಿಂದೆ? ಅದಕ್ಕಾಗಿ ಬೋನಸ್ ಅಂಕಗಳೆಂಬ ಏರ್ಪಾಡು. ಕೆಲವು ವರ್ಷ ಆ ಪಟ್ಟಿಯಲ್ಲಿ ಈಜು ಬಲ್ಲವರಿಗೆ 2 ಅಂಕ ಇತ್ತು. ಹನ್ನೆರಡು ಹೊಳೆಗಳು ಹರಿಯುವ ಈ ಜಿಲ್ಲೆಯಲ್ಲಿ ಅದು ಬುದ್ಧಿವಂತಿಕೆಯ ಯೋಚನೆ ಎಂದೇ ನಮಗೆ ಅನಿಸಿತ್ತು. ಆ ವರ್ಷಗಳಲ್ಲಿ ಫಲಿತಾಂಶದ ಮರುವಾರ ತಂದೆತಾಯಿಯರು ಬಂದು, ಸರ್ಟಿಫಿಕೇಟು ಎಲ್ಲಿ ಸಿಗುತ್ತದೆ, ಯಾರ ಸಹಿ ಬೇಕು ಎಂದು ವಿಚಾರಿಸುತ್ತಿದ್ದರು. ಕೆರೆ ಯಾವುದು, ಕಲಿಸುವವರು ಯಾರು ಎಂದು ಕೇಳಿದವರು ನಮ್ಮ ನೆನಪಿನಲ್ಲಿ ಇಬ್ಬರೋ ಮೂವರೋ. ಕಾಲಿಗೆ ನೀರು ತಾಗದ ಮಕ್ಕಳ ಕೈಯಲ್ಲೂ ಕಾಗದ ಕಂಡದ್ದುಂಟು. ಕೊನೆಗೆ 2022ರಲ್ಲಿ ಸರಕಾರ ಆ ಎರಡು ಅಂಕಗಳನ್ನು ತೆಗೆದುಹಾಕಿತು. ಅಂದಿನಿಂದ ಈಜಿನ ವಿಚಾರವಾಗಿ ಒಬ್ಬರೂ ನಮ್ಮ ಶಾಲೆಯ ಕಡೆ ಬಂದಿಲ್ಲ. ಹೊಳೆಗಳಂತೂ ಜೂನ್ ಬಂತೆಂದರೆ ಎಂದಿನಂತೆ ತುಂಬುತ್ತವೆ. ನಮ್ಮ ಹತ್ತನೆಯ ತರಗತಿಯ ಮಕ್ಕಳಲ್ಲಿ ಅದನ್ನು ದಾಟಬಲ್ಲವರೆಷ್ಟು ಮಂದಿ ಎಂದು ಬರೆದಿಡಲು ಹಾಜರಿ ಪುಸ್ತಕದಲ್ಲಿ ಕಲಮು ಇಲ್ಲ.